ನೂರು ಗುಳಿಗೆಯೋ, ನೂರ ಎಂಬತ್ತೋ?

ಮೇಡಂ, ನಾನು ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿಸಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೆಲವು ವರ್ಷ ಕೆಲಸ ಮಾಡಿದೆ. ಹೆಚ್ಚಿನ ಕಾಲ ಆಪರೇಷನ್ ಥಿಯೇಟರಿನಲ್ಲೇ ಇದ್ದೆ. ಈಗ ರಾಯಚೂರು ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಿದ್ದೇನೆ. ಇಲ್ಲಿ ಗರ್ಭಿಣಿಯರ ತಪಾಸಣೆ ಪೂರಾ ನನ್ನ ಮೇಲೆ ಬಿದ್ದಿದೆ. ಡಾಕ್ಟರಿಗೆ ಇನ್ನೊಂದು ಕೇಂದ್ರದ ಹೊಣೆಯೂ ಇರುವುದರಿಂದ ಎಲ್ಲ ದಿನವೂ ಸಿಗುವುದಿಲ್ಲ. ಪ್ರತಿ ತಿಂಗಳ 9ನೇ ತಾರೀಖಿನ ತಪಾಸಣೆ ದಿನ ಬಂತೆಂದರೆ ಹಿಂದಿನ ರಾತ್ರಿ ನಿದ್ದೆಯೇ ಹತ್ತುವುದಿಲ್ಲ.

ಕಾಲೇಜಿನಲ್ಲಿ ಓದಿದ್ದು ಅರ್ಧ ಮರೆತಿದೆ. ಕಬ್ಬಿಣದ ಗುಳಿಗೆ ನೂರು ಕೊಟ್ಟರೆ ಸಾಕು ಎನ್ನುತ್ತಾರೆ ನಮ್ಮ ಹಿರಿಯ ಸಿಸ್ಟರ್. ವಾಟ್ಸಾಪ್ ಗುಂಪಿನಲ್ಲಿ ಬಂದ ಪಿಡಿಎಫ್ ನೂರ ಎಂಬತ್ತು ಎನ್ನುತ್ತದೆ. ಬೆಂಗಳೂರಿನಲ್ಲಿ ಸಕ್ಕರೆ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಹೇಳುತ್ತಿದ್ದರು. ಇಲ್ಲಿ ರೊಟ್ಟಿ ತಿಂದು ಬಂದವರಿಗೂ ಗ್ಲೂಕೋಸ್ ಕುಡಿಸುತ್ತಾರೆ. ಮೊಬೈಲಿನಲ್ಲಿ ಹುಡುಕಿದರೆ ಇಂಗ್ಲೆಂಡಿನದು, ಅಮೆರಿಕದ್ದು ಬರುತ್ತದೆ. ಹೀಗೆ ಹುಡುಕುತ್ತಿದ್ದಾಗ ಒಬ್ಬ ಗರ್ಭಿಣಿಯ ಅತ್ತೆ ನನ್ನೆದುರೇ ‘ಈಕಿಗೆ ಏನೂ ಬರಂಗಿಲ್ಲ ಕಾಣ್ತದ’ ಎಂದುಬಿಟ್ಟರು. ಅಂದಿನಿಂದ ನೋಡಲೂ ಹೆದರಿಕೆ, ನೋಡದಿರಲೂ ಹೆದರಿಕೆ. ನಂಬಿ ಇಟ್ಟುಕೊಳ್ಳುವಂಥ ಒಂದು ಪುಸ್ತಕ ಹೇಳಿ. ಕನ್ನಡದಲ್ಲಿದ್ದರೆ ಇನ್ನೂ ಒಳ್ಳೆಯದು.

– ಹೆಸರು ಬೇಡ, ರಾಯಚೂರು ಜಿಲ್ಲೆ

ಪ್ರಿಯ ಸಹೋದರಿ,

ಮೊದಲು ಗುಳಿಗೆಯ ಲೆಕ್ಕ ಮುಗಿಸೋಣ. ಅದು ಬಗೆಹರಿದರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ದಾರಿ ಕಾಣುತ್ತದೆ. ನಿಮ್ಮ ಹಿರಿಯ ಸಿಸ್ಟರ್ ಹೇಳುವ ನೂರು ಗುಳಿಗೆ ಅವರು ಕಟ್ಟಿದ ಮಾತಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2010ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಹಾಗೇ ಇತ್ತು: 100 ಮಿಲಿಗ್ರಾಂ ಕಬ್ಬಿಣಾಂಶದ ಗುಳಿಗೆ, ದಿನಕ್ಕೊಂದು, ಕನಿಷ್ಠ 100 ದಿನ. ಅವರು ತರಬೇತಿ ಪಡೆದಾಗ ಅದೇ ಪಾಠ, ಅದೇ ಸರಿ. 2018ರಲ್ಲಿ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮ ಬಂದಾಗ ಗುಳಿಗೆಯೂ ಬದಲಾಯಿತು, ದಿನಗಳೂ ಬದಲಾದವು. ಈಗಿನದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಕೊಡಬೇಕು. ಮೊದಲ ಮೂರು ತಿಂಗಳು ಕಬ್ಬಿಣವಿಲ್ಲದ, 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಗುಳಿಗೆ ಮಾತ್ರ.

ನಿಮ್ಮ ಸಿಸ್ಟರ್ ಓದಿದ್ದೂ ಸರಕಾರದ ಕಾಗದ, ನಿಮ್ಮ ಗುಂಪಿಗೆ ಬಂದದ್ದೂ ಸರಕಾರದ ಕಾಗದ. ನಡುವೆ ಎಂಟು ವರ್ಷ ಕಳೆದಿವೆ, ಅಷ್ಟೇ. ಗರ್ಭಿಣಿ ಆರೈಕೆಯ ಯಾವ ಕೈಪಿಡಿ ಕೈಗೆ ಬಂದರೂ ಮೊದಲು ಅದರ ಇಸವಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ನೀವು ಒಂದು ಪುಸ್ತಕ ಕೇಳಿದ್ದೀರಿ. ಎಲ್ಲವನ್ನೂ ಒಳಗೊಂಡ, ಇಂದಿನವರೆಗೆ ತಿದ್ದಿದ, ನಿಮ್ಮ ಹುದ್ದೆಗೇ ಬರೆದ ಒಂದೇ ಪುಸ್ತಕವನ್ನು ನಾನು ಹೆಸರಿಸಲಾರೆ. ಒಂದು ಹಳೆಯ, ಗಟ್ಟಿಯಾದ ಕೈಪಿಡಿ ಇದೆ. ಅದರ ಮೇಲೆ ಆಮೇಲೆ ಬಂದ ಕೆಲವು ತೆಳು ಪುಸ್ತಿಕೆಗಳಿವೆ. ಇವನ್ನು ನೀವೇ ಒಂದು ಫೈಲಿನಲ್ಲಿ ಜೋಡಿಸಿಕೊಳ್ಳಬೇಕು. ಒಂದು ಭಾನುವಾರದ ಕೆಲಸ ಅದು. ಕಷ್ಟವೇನಿಲ್ಲ.

ಆ ಹಳೆಯ ಕೈಪಿಡಿಯ ಹೆಸರು ಉದ್ದ. ಹುಡುಕಲು ಬೇಕಾಗುವುದರಿಂದ ಪೂರ್ತಿ ಬರೆಯುತ್ತೇನೆ: ‘ಗೈಡ್‌ಲೈನ್ಸ್ ಫಾರ್ ಆಂಟಿನೇಟಲ್ ಕೇರ್ ಅಂಡ್ ಸ್ಕಿಲ್ಡ್ ಅಟೆಂಡೆನ್ಸ್ ಅಟ್ ಬರ್ತ್ ಬೈ ಎಎನ್‌ಎಂಸ್, ಎಲ್‌ಎಚ್‌ವಿಸ್, ಎಸ್‌ಎನ್ಸ್’. ಏಪ್ರಿಲ್ 2010. ಕೊನೆಯ ಎಸ್‌ಎನ್ ಎಂದರೆ ಸ್ಟಾಫ್ ನರ್ಸ್, ಅಂದರೆ ನೀವು. ರಾಷ್ಟ್ರೀಯ ಆರೋಗ್ಯ ಅಭಿಯಾನದ ಜಾಲತಾಣದ ತಾಯಂದಿರ ಆರೋಗ್ಯ ವಿಭಾಗದಲ್ಲಿ ಹುಡುಕಿ, ಕಾಸು ಕೊಡಬೇಕಿಲ್ಲ. ನಿಮ್ಮ ಕೇಂದ್ರದ ಹಳೆಯ ಬೀರುವಿನಲ್ಲಿ ಒಂದು ಪ್ರತಿ ಇದ್ದರೂ ಇರಬಹುದು. ಎಸ್‌ಬಿಎ (ನುರಿತ ಹೆರಿಗೆ ಸಹಾಯಕರ) ತರಬೇತಿಗೆ ಹೋಗಿ ಬಂದ ಯಾರನ್ನಾದರೂ ಕೇಳಿ ನೋಡಿ.

ಇದನ್ನೇ ಮೊದಲು ಹೇಳಲು ಕಾರಣವಿದೆ. ವೈದ್ಯ ವಿದ್ಯಾರ್ಥಿಗಳಿಗೆ ಬರೆದ ದಪ್ಪ ಪುಸ್ತಕ ಪಕ್ಕದಲ್ಲೇ ಸ್ಕ್ಯಾನಿಂಗ್ ಯಂತ್ರ, ಲ್ಯಾಬ್, ಅರಿವಳಿಕೆ ತಜ್ಞ ಎಲ್ಲ ಇದ್ದಾರೆಂದು ನಂಬಿ ಮಾತಾಡುತ್ತದೆ. ಈ ಕೈಪಿಡಿ ನಿಮ್ಮ ಕೋಣೆಯಲ್ಲಿ ಏನಿರುತ್ತದೆ ಎಂಬುದನ್ನು ತಿಳಿದು ಬರೆದದ್ದು: ತೂಕದ ಯಂತ್ರ, ಬಿಪಿ ಉಪಕರಣ, ರಕ್ತದ ಹಿಮೋಗ್ಲೋಬಿನ್ ಅಂದರೆ ಎಚ್‌ಬಿ ನೋಡುವ ಸಾಧನ, ಮೂತ್ರದಲ್ಲಿ ಪ್ರೋಟೀನ್ ನೋಡುವ ಪಟ್ಟಿ, ಕೂಸಿನ ಎದೆಬಡಿತ ಕೇಳುವ ಫೀಟೋಸ್ಕೋಪ್ ಮತ್ತು ನಿಮ್ಮ ಎರಡು ಕೈ. ಇವುಗಳಿಂದ ಏನು ತಿಳಿಯಬೇಕು, ತಿಳಿದದ್ದು ಸಾಮಾನ್ಯವೇ ಅಲ್ಲವೇ, ಅಲ್ಲವಾದರೆ ಇಲ್ಲೇ ಏನು ಕೊಡಬೇಕು, ಎಷ್ಟು ಬೇಗ ಎಲ್ಲಿಗೆ ಕಳಿಸಬೇಕು ಎಂಬುದನ್ನು ಬಿಡಿಸಿ ಹೇಳುತ್ತದೆ.

ಹೊಟ್ಟೆ ಮುಟ್ಟಿ ತಿಂಗಳು ಅಳೆಯುವುದನ್ನೇ ನೋಡಿ. 12 ವಾರಕ್ಕೆ ಗರ್ಭಕೋಶದ ಮೇಲಂಚು ಕಿಬ್ಬೊಟ್ಟೆಯ ಮೂಳೆಯ ಮೇಲೆ ಆಗಷ್ಟೇ ಕೈಗೆ ಸಿಗುತ್ತದೆ, 24 ವಾರಕ್ಕೆ ಹೊಕ್ಕುಳ ಮಟ್ಟಕ್ಕೆ ಬರುತ್ತದೆ, 36 ವಾರಕ್ಕೆ ಎದೆಮೂಳೆಯ ತುದಿ ಮುಟ್ಟುತ್ತದೆ, 40 ವಾರದ ಹೊತ್ತಿಗೆ ಸ್ವಲ್ಪ ಕೆಳಗಿಳಿಯುತ್ತದೆ. ನಡುವಿನ ವಾರಗಳನ್ನೂ ಚಿತ್ರ ಹಾಕಿ ತೋರಿಸಿದ್ದಾರೆ. ಸ್ಕ್ಯಾನಿಂಗ್ ವರದಿ ಇಲ್ಲದೆ, ಮುಟ್ಟಿನ ದಿನ ನೆನಪಿಲ್ಲದೆ ಬರುವ ಹೆಣ್ಣುಮಕ್ಕಳು ನಿಮ್ಮಲ್ಲಿ ಕಡಿಮೆಯೇನಲ್ಲ. ದಸರೆಗೆ ಮುಟ್ಟಾಗಿದ್ದೆ, ಆಮೇಲೆ ಆಗಿಲ್ಲ ಎನ್ನುವವಳ ತಿಂಗಳನ್ನು ನೀವು ಕೈಯಿಂದಲೇ ಓದಬೇಕು. ಒಂದೇ ತಿಂಗಳಲ್ಲಿ 3 ಕಿಲೋಗಿಂತ ಹೆಚ್ಚು ತೂಕ ಏರಿದರೆ ‘ಚೆನ್ನಾಗಿ ಉಣ್ಣುತ್ತಿದ್ದಾಳೆ’ ಎಂದು ಸಂತೋಷಪಡದೆ ಬಿಪಿಯನ್ನೂ ಮೂತ್ರವನ್ನೂ ನೋಡಬೇಕೆಂದು ಹೇಳುವುದೂ ಇದೇ ಕೈಪಿಡಿ. 140/90 ಬಂದರೆ ನಾಲ್ಕು ಗಂಟೆ ಬಿಟ್ಟು ಮತ್ತೆ ನೋಡುವುದು, 160/110 ಬಂದರೆ ಕಾಯದಿರುವುದು, ಇವೆಲ್ಲ ನಿಮಗೆ ಕಾಲೇಜಿನಿಂದ ಗೊತ್ತಿದ್ದವೇ. ಒಂದೆರಡು ಸಲ ತಿರುವಿ ಹಾಕಿದರೆ ಮರಳಿ ಬರುತ್ತವೆ.

ಈಗ ಅದರ ಮೇಲೆ ಸೇರಿಸಬೇಕಾದವು. 2010ರ ಕೈಪಿಡಿಯೊಂದನ್ನೇ ನಂಬಿ ಕುಳಿತರೆ ಇಂದು ಹಲವು ಕಡೆ ಎಡವುತ್ತೀರಿ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಸಕ್ಕರೆಯದು ಮೊದಲು, ನಿಮ್ಮನ್ನು ಕಾಡಿದ್ದು ಅದೇ ತಾನೆ. ಗರ್ಭಿಣಿಯರ ಮಧುಮೇಹದ ಬಗ್ಗೆ ಸಚಿವಾಲಯದ ಮಾರ್ಗಸೂಚಿ 2014ರಲ್ಲಿ ಬಂತು, 2018ರಲ್ಲಿ ಪರಿಷ್ಕೃತವಾಯಿತು. ಅದರ ಪ್ರಕಾರ ಊಟ ಮಾಡಿರಲಿ ಬಿಡಲಿ, 75 ಗ್ರಾಂ ಗ್ಲೂಕೋಸನ್ನು 300 ಮಿಲಿಲೀಟರ್ ನೀರಿನಲ್ಲಿ ಕಲಸಿ ಕುಡಿಸಿ, ಎರಡು ಗಂಟೆಯ ನಂತರ ನೋಡಬೇಕು. 140 ಅಥವಾ ಹೆಚ್ಚು ಬಂದರೆ ಮಧುಮೇಹ. ಮೊದಲ ಭೇಟಿಯಲ್ಲೇ ಒಮ್ಮೆ ಮಾಡಿ, ಸರಿ ಇದ್ದರೆ 24ರಿಂದ 28 ವಾರದೊಳಗೆ ಮತ್ತೊಮ್ಮೆ ಮಾಡಬೇಕು. ಎರಡರ ನಡುವೆ ಕನಿಷ್ಠ ನಾಲ್ಕು ವಾರ ಇರಲಿ. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮರುದಿನ ಮತ್ತೆ ಮಾಡಬೇಕು. ಅರ್ಧ ಗಂಟೆ ದಾಟಿದ ಮೇಲೆ ಆದರೆ ಪರೀಕ್ಷೆ ಮುಂದುವರಿಸಬಹುದು.

ಬೆಂಗಳೂರಿನಲ್ಲಿ ನೀವು ಕಂಡದ್ದು ಬೇರೆ ಪದ್ಧತಿ. ಖಾಲಿ ಹೊಟ್ಟೆಯಲ್ಲಿ 92, ಒಂದು ಗಂಟೆಗೆ 180, ಎರಡು ಗಂಟೆಗೆ 153 ಎಂಬ ಗಡಿಗಳಿರುವ ಅಂತರರಾಷ್ಟ್ರೀಯ ಪದ್ಧತಿಯನ್ನು ಬಹಳ ಖಾಸಗಿ ಆಸ್ಪತ್ರೆಗಳು ಅನುಸರಿಸುತ್ತವೆ. ಅದು ತಪ್ಪಲ್ಲ. ಆದರೆ ಹತ್ತಾರು ಕಿಲೋಮೀಟರ್ ಟಂಟಂನಲ್ಲಿ ಕುಲುಕಿಸಿಕೊಂಡು ಬರುವ ಬಸುರಿಗೆ ಖಾಲಿ ಹೊಟ್ಟೆಯಲ್ಲಿ ಬಾ ಎಂದರೆ ಅವಳು ಬರುವುದೇ ಇಲ್ಲ. ಬಂದರೂ ಬವಳಿ ಬಂದು ಬೀಳುತ್ತಾಳೆ. ನಮ್ಮ ದೇಶದ ಪದ್ಧತಿ ಅವಳನ್ನು ನೋಡಿ ಮಾಡಿದ್ದು. ಎರಡರ ಅಂಕಿಗಳನ್ನು ಬೆರೆಸಬೇಡಿ. ರೊಟ್ಟಿ ತಿಂದು ಬಂದವಳ ರಕ್ತವನ್ನು ಬೆಂಗಳೂರಿನ 153ಕ್ಕೆ ಹೋಲಿಸಿ ‘ಏನಿಲ್ಲ, ಹೋಗು’ ಎಂದರೆ ಮಧುಮೇಹ ಇದ್ದವಳು ತಪ್ಪಿಹೋಗುತ್ತಾಳೆ. ಎರಡು ಕೈಪಿಡಿ ಓದಿದವರಿಗೆ ಬರುವ ಅಪಾಯ ಇದೇ.

ಕ್ಯಾಲ್ಸಿಯಂ 2014ರದು. 500 ಮಿಲಿಗ್ರಾಂ ಕ್ಯಾಲ್ಸಿಯಂ, ಜೊತೆಗೆ 250 ಐಯು ಡಿ ಜೀವಸತ್ವ ಇರುವ ಗುಳಿಗೆ ದಿನಕ್ಕೆರಡು, 14ನೇ ವಾರದಿಂದ ಹೆರಿಗೆಯ ನಂತರ ಆರು ತಿಂಗಳವರೆಗೆ. ಕಬ್ಬಿಣದ ಗುಳಿಗೆಯೊಂದಿಗೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ಎರಡರ ನಡುವೆ ಎರಡು ಗಂಟೆ ಬೇಕು. ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಹೆಣ್ಣುಮಕ್ಕಳಲ್ಲಿ ಇದು ಬಿಪಿ ಏರುವ ತೊಂದರೆಯನ್ನು ತಗ್ಗಿಸುತ್ತದೆ, ಮೂಳೆಗೆ ಮಾತ್ರ ಕೊಡುವ ಗುಳಿಗೆ ಎಂದುಕೊಳ್ಳಬೇಡಿ. ಜಂತುಹುಳುವಿನ ಮಾರ್ಗಸೂಚಿಯೂ ಅದೇ ವರ್ಷದ್ದು: ಆಲ್ಬೆಂಡಜೋಲ್ 400 ಮಿಲಿಗ್ರಾಂ ಒಂದೇ ಸಲ, ಮೊದಲ ಮೂರು ತಿಂಗಳು ಕಳೆದ ಮೇಲೆ, ಎರಡನೆಯ ತ್ರೈಮಾಸಿಕದಲ್ಲಿ. ಹಳೆಯ ಕೈಪಿಡಿಯಲ್ಲಿ ಟಿಟಿ ಎಂದಿರುವಲ್ಲೆಲ್ಲ ಈಗ ಟಿಡಿ ಎಂದು ಪೆನ್ನಿನಿಂದ ತಿದ್ದಿಕೊಳ್ಳಿ; ಧನುರ್ವಾಯುವಿನ ಜೊತೆಗೆ ಗಂಟಲಮಾರಿಗೂ ರಕ್ಷಣೆ ಸೇರಿದೆ. ಎರಡು ಚುಚ್ಚುಮದ್ದಿನ ನಡುವೆ ನಾಲ್ಕು ವಾರ ಬೇಕು. ಕಳೆದ ಮೂರು ವರ್ಷದೊಳಗಿನ ಬಸಿರಿನಲ್ಲಿ ಎರಡೂ ಆಗಿದ್ದರೆ ಈ ಸಲ ಒಂದೇ ಸಾಕು.

ಮತ್ತೆ ರಕ್ತಹೀನತೆಗೆ ಬರುತ್ತೇನೆ. ಎಚ್‌ಬಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 7ರಿಂದ 10.9ರವರೆಗೆ ಇದ್ದರೆ ದಿನಕ್ಕೆ ಎರಡು ಗುಳಿಗೆ, ತಿಂಗಳಿಗೊಮ್ಮೆ ಮತ್ತೆ ಎಚ್‌ಬಿ. ಒಂದು ತಿಂಗಳಲ್ಲಿ 1 ಗ್ರಾಂ ಕೂಡ ಏರದಿದ್ದರೆ ಮೇಲಿನ ಆಸ್ಪತ್ರೆಗೆ ಕಳಿಸಬೇಕು. 7ಕ್ಕಿಂತ ಕೆಳಗಿದ್ದರೆ ಅದು ನಿಮ್ಮೊಬ್ಬರ ಕೆಲಸವಲ್ಲ, ಡಾಕ್ಟರು ನೋಡಲೇಬೇಕು. 5ಕ್ಕಿಂತ ಕೆಳಗಿದ್ದರೆ ಅಂದೇ, ರಕ್ತ ಸಿಗುವ ಆಸ್ಪತ್ರೆಗೆ. ತಿಂಗಳು ಮುಂದೆ ಹೋಗಿರುವಾಗ ರಕ್ತಹೀನತೆ ಕಂಡರೆ ಅಥವಾ ಗುಳಿಗೆ ಒಗ್ಗದಿದ್ದರೆ ನರದ ಮೂಲಕ ಕಬ್ಬಿಣ ಕೊಡುವ ದಾರಿಯೂ ‘ಅನೀಮಿಯಾ ಮುಕ್ತ ಭಾರತ’ದ ಮಾರ್ಗಸೂಚಿಯಲ್ಲಿದೆ. ಅದನ್ನು ಡಾಕ್ಟರು ತೀರ್ಮಾನಿಸಬೇಕು. ಇದನ್ನು ಇಷ್ಟು ಬಿಡಿಸಿ ಬರೆಯಲು ಕಾರಣ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಗರ್ಭಿಣಿಯರಲ್ಲಿ ಶೇ 52.2 ಮಂದಿಗೆ ರಕ್ತಹೀನತೆ ಇದೆ. ನಿಮ್ಮ ಮುಂದೆ ಸಾಲಿನಲ್ಲಿ ಕುಳಿತವರಲ್ಲಿ ಅರ್ಧದಷ್ಟು ಮಂದಿಗೆ ಈ ಪುಟ ಬೇಕಾಗುತ್ತದೆ. ಫೈಲಿನಲ್ಲಿ ಅದನ್ನೇ ಮೊದಲು ಇಡಿ.

ಇಂಗ್ಲೆಂಡಿನ ಮಾರ್ಗಸೂಚಿಯನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೂ ಇಲ್ಲೇ ಉದಾಹರಣೆ ಇದೆ. ಅಲ್ಲಿ ಎಲ್ಲ ಗರ್ಭಿಣಿಯರಿಗೂ ರೂಢಿಯಾಗಿ ಕಬ್ಬಿಣ ಕೊಡುವ ಪದ್ಧತಿಯಿಲ್ಲ. ರಕ್ತ ನೋಡಿ, ಬೇಕಾದವರಿಗೆ ಕೊಡುತ್ತಾರೆ. ಅವರ ನೆಲಕ್ಕೆ ಅದು ಸರಿ. ಸಿಂಧನೂರಿನ ಕಡೆಯ ಕೂಲಿ ಹೆಣ್ಣುಮಗಳಿಗೆ ಆ ಪುಟ ಓದಿ ಗುಳಿಗೆ ತಡೆದರೆ ಅನ್ಯಾಯವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2016ರ ಶಿಫಾರಸುಗಳನ್ನು ನೀವು ಓದಲೇಬೇಕು, ಆದರೆ ಗಡಿಬಿಡಿಯ ಹೊತ್ತಿನಲ್ಲಲ್ಲ. ನಾಲ್ಕು ಭೇಟಿಗಳ ಬದಲು ಎಂಟು ಸಲ ಗರ್ಭಿಣಿಯನ್ನು ಕಾಣಬೇಕೆಂದು ಅದು ಹೇಳುತ್ತದೆ: 12 ವಾರದೊಳಗೆ ಒಮ್ಮೆ, ಆಮೇಲೆ 20, 26, 30, 34, 36, 38, 40ನೇ ವಾರಗಳಲ್ಲಿ. ಕೊನೆಯ ತಿಂಗಳುಗಳಲ್ಲಿ ಭೇಟಿ ಒತ್ತೊತ್ತಾಗಿರುವುದನ್ನು ಗಮನಿಸಿ. ಬಿಪಿ ಏರುವುದು, ಕೂಸಿನ ಬೆಳವಣಿಗೆ ನಿಲ್ಲುವುದು ಹೆಚ್ಚಾಗಿ ಆಗಲೇ. ನಮ್ಮ 2010ರ ಕೈಪಿಡಿಯಲ್ಲಿ ಕನಿಷ್ಠ ನಾಲ್ಕು ಎಂದಿದೆ. ಕನಿಷ್ಠ ಎಂದ ಮೇಲೆ ಹೆಚ್ಚು ನೋಡಲು ಯಾರ ತಡೆಯೂ ಇಲ್ಲ. ನಿಮ್ಮ ಆಶಾ ಕಾರ್ಯಕರ್ತೆಯರ ಜೊತೆ ಕುಳಿತು, ಎಂಟನೇ ತಿಂಗಳು ದಾಟಿದವರನ್ನು ಹದಿನೈದು ದಿನಕ್ಕೊಮ್ಮೆಯಾದರೂ ನೋಡಲು ಆಗುತ್ತದೆಯೇ ಎಂದು ಮಾತಾಡಿ. ಬಸಿರು, ಹೆರಿಗೆ, ಬಾಣಂತನ, ನವಜಾತ ಶಿಶುವಿನ ಆರೈಕೆ ಕುರಿತ ಅದೇ ಸಂಸ್ಥೆಯ ಇನ್ನೊಂದು ಕೈಪಿಡಿಯನ್ನು ಪಿಸಿಪಿಎನ್‌ಸಿ ಎಂದು ಕರೆಯುತ್ತಾರೆ, ಮೂರನೇ ಆವೃತ್ತಿ 2015ರದು. ಕೇಳಿ, ನೋಡಿ, ಮುಟ್ಟಿ, ಆಮೇಲೆ ತೀರ್ಮಾನಿಸಿ ಎಂಬ ಕ್ರಮದಲ್ಲಿ ಕೋಷ್ಟಕಗಳಾಗಿ ಇರುವುದರಿಂದ ನರ್ಸ್‌ಗಳಿಗೆ ಬಹಳ ಹೊಂದುತ್ತದೆ. ಡೋಸಿನಲ್ಲಿ ಮಾತ್ರ ನಮ್ಮ ದೇಶದ್ದನ್ನೇ ಹಿಡಿಯಿರಿ. ಕ್ಯಾಲ್ಸಿಯಂ ವಿಷಯದಲ್ಲೇ ಅವರು 1.5ರಿಂದ 2 ಗ್ರಾಂ ಎನ್ನುತ್ತಾರೆ, ನಮ್ಮದು ದಿನಕ್ಕೆ 1 ಗ್ರಾಂ.

ದತ್ತಾ ಅವರ ಪ್ರಸೂತಿಶಾಸ್ತ್ರದ ಪುಸ್ತಕ, ಮೈಲ್ಸ್ ಅವರ ಸೂಲಗಿತ್ತಿ ಶಾಸ್ತ್ರದ ಪುಸ್ತಕ ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿದ್ದವು. ಮನೆಯಲ್ಲಿ ಇದ್ದರೆ ಇರಲಿ. ಒಂದು ತೊಂದರೆ ಏಕಾಗುತ್ತದೆ ಎಂದು ಬಿಡುವಾಗಿ ತಿಳಿಯಲು ಅವು ಬೇಕು, ಕ್ಲಿನಿಕ್ಕಿನ ಮೇಜಿಗೆ ಬೇಡ. ಮೊಬೈಲಿಗೆ ಏನಾದರೂ ಹಾಕಿಕೊಳ್ಳುವುದಾದರೆ ‘ಸೇಫ್ ಡೆಲಿವರಿ ಆ್ಯಪ್’ ಒಳ್ಳೆಯದು. ಡೆನ್ಮಾರ್ಕಿನ ಮೆಟರ್ನಿಟಿ ಫೌಂಡೇಶನ್ ಮಾಡಿದ್ದು. ಒಮ್ಮೆ ಇಳಿಸಿಕೊಂಡರೆ ಸಿಗ್ನಲ್ ಇಲ್ಲದಾಗಲೂ ನಡೆಯುತ್ತದೆ. ಅದು ಹೆಚ್ಚಾಗಿ ಹೆರಿಗೆ ಹೊತ್ತಿನ ತುರ್ತಿನದು, ಆದರೆ ಬಿಪಿಯ ಭಾಗ ನಿಮಗೆ ನೇರ ಉಪಯೋಗಕ್ಕೆ ಬರುತ್ತದೆ.

ವಾಟ್ಸಾಪಿನ ಪಿಡಿಎಫ್‌ಗಳ ಬಗ್ಗೆ ನನ್ನ ಮಾತು ಕಠಿಣವಾಗಿಯೇ ಇರುತ್ತದೆ. ಯಾರು ಹೊರಡಿಸಿದ್ದು, ಯಾವ ತಿಂಗಳು ಯಾವ ವರ್ಷ, ಯಾವ ಹುದ್ದೆಯವರಿಗಾಗಿ, ಈ ಮೂರೂ ಮೊದಲ ಪುಟಗಳಲ್ಲಿ ಕಾಣದಿದ್ದರೆ ಅದರಿಂದ ಒಂದು ಗುಳಿಗೆಯನ್ನೂ ಕೊಡಬೇಡಿ. ನಡುವಿನ ನಾಲ್ಕು ಪುಟ ಕತ್ತರಿಸಿ ಕಳಿಸಿದ್ದರೆ ಇಡೀ ಪುಸ್ತಿಕೆ ಹುಡುಕಿ ತೆಗೆಯಿರಿ. ಯಾರೋ ಕೈಯಲ್ಲಿ ಬರೆದು ಫೋಟೊ ಹೊಡೆದ ಡೋಸಿನ ಪಟ್ಟಿ ಬಂದರೆ ಅದು ಎಷ್ಟು ಅಂದವಾಗಿದ್ದರೂ ಬದಿಗಿಡಿ. ಮೊಬೈಲನ್ನು ಪ್ರಶ್ನೆ ಕೇಳಿ ಪಡೆದ ಉತ್ತರಕ್ಕೂ ಇದೇ ನಿಯಮ: ಅದು ದಾರಿ ತೋರಿಸಬಹುದು, ಡೋಸನ್ನು ಮೂಲ ಪುಸ್ತಿಕೆಯಲ್ಲಿ ಕಣ್ಣಾರೆ ನೋಡಿದ ಮೇಲೆಯೇ ಕೊಡಬೇಕು. ಮಾರ್ಗಸೂಚಿಗಳು ಇನ್ನೂ ಬದಲಾಗುತ್ತಲೇ ಇರುತ್ತವೆ. ನಾನಿಲ್ಲಿ ಬರೆದ ಅಂಕಿಗಳನ್ನೂ ನಿಮ್ಮ ತಾಲ್ಲೂಕಿಗೆ ಬಂದ ಇತ್ತೀಚಿನ ಸುತ್ತೋಲೆಯೊಂದಿಗೆ ಹೋಲಿಸಿ ನೋಡಿಯೇ ಫೈಲಿಗೆ ಸೇರಿಸಿ.

ಹಾಗೆ ಜೋಡಿಸಿದ ಫೈಲನ್ನು ಡಾಕ್ಟರ ಮುಂದೆ ಇಡಿ. ‘ಸರ್, ನೀವಿಲ್ಲದ ದಿನ ನಾನು ಇದರಂತೆ ನಡೆಯುತ್ತೇನೆ, ಒಮ್ಮೆ ನೋಡಿ ಸಹಿ ಮಾಡಿ ಕೊಡಿ’ ಎಂದು ಕೇಳಿ. ಯಾವುದನ್ನು ನೀವೇ ಕೊಡಬಹುದು, ಯಾವುದಕ್ಕೆ ಫೋನ್ ಮಾಡಬೇಕು, ಯಾವುದಕ್ಕೆ ಫೋನಿಗೂ ಕಾಯದೆ ಕಳಿಸಬೇಕು ಎಂಬುದು ತಾರೀಖು, ಸಹಿ ಸಮೇತ ಒಂದು ಹಾಳೆಯಲ್ಲಿ ಇರಲಿ. ನಿಮ್ಮ 8ನೇ ತಾರೀಖಿನ ನಿದ್ದೆ ಕೆಡಿಸುತ್ತಿರುವುದು ಮರೆವಿನ ಭಯವಷ್ಟೇ ಅಲ್ಲ ಎಂದು ನನಗೆ ಅನಿಸುತ್ತದೆ. ಏನಾದರೂ ಆದರೆ ನಾನೊಬ್ಬಳೇ ಎಂಬ ಭಯ ಅದು. ಆ ಸಹಿ ಇದ್ದರೆ ನೀವು ಒಬ್ಬರೇ ಅಲ್ಲ.

ಉತ್ತರ ಕರ್ನಾಟಕದಲ್ಲಿ, ನಿಮ್ಮ ರಾಯಚೂರೂ ಸೇರಿ ಎಂಟು ಜಿಲ್ಲೆಗಳಲ್ಲಿ, ಹತ್ತು ಹನ್ನೆರಡು ವರ್ಷಗಳ ಹಿಂದೆ ‘ಸುಕ್ಷೇಮ’ ಎಂಬ ಯೋಜನೆ ನಡೆದಿತ್ತು. ಅನುಭವಿ ನರ್ಸ್‌ಗಳು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೋಗಿ, ಅಲ್ಲಿನ ನರ್ಸ್‌ಗಳ ಪಕ್ಕದಲ್ಲಿ ನಿಂತು ಕೆಲಸ ಕಲಿಸುತ್ತಿದ್ದರು. ಅವರು ದಪ್ಪ ಪುಸ್ತಕ ಹೊತ್ತು ಹೋಗಲಿಲ್ಲ. ಏನು ನೋಡಬೇಕು, ಮುಂದೇನು ಮಾಡಬೇಕು ಎಂಬುದು ಹಾಳೆಯಲ್ಲೇ ಅಚ್ಚಾಗಿರುವ ಕೇಸ್ ಶೀಟ್ ಬಳಸಲು ಕಲಿಸಿದರು. ತುಂಬುತ್ತ ಹೋದರೆ ಹಾಳೆಯೇ ನೆನಪಿಸುತ್ತದೆ. ಆಗ ಪಳಗಿದ ಸಿಸ್ಟರ್‌ಗಳು ನಿಮ್ಮ ಜಿಲ್ಲೆಯಲ್ಲಿ ಇನ್ನೂ ಇದ್ದಾರು, ವಿಚಾರಿಸಿ ಒಬ್ಬರ ಫೋನ್ ನಂಬರ್ ಇಟ್ಟುಕೊಳ್ಳಿ. ಪಕ್ಕದಲ್ಲಿ ನಿಲ್ಲುವ ಒಬ್ಬ ಹಿರಿಯಳಿದ್ದರೆ ಯಾವ ಕೈಪಿಡಿಯೂ ಎರಡು ಪಟ್ಟು ಉಪಯೋಗಕ್ಕೆ ಬರುತ್ತದೆ.

ಆ ಅತ್ತೆಯ ಮಾತು ನಿಮ್ಮನ್ನು ಚುಚ್ಚಿದೆ. ಅದನ್ನು ಸಣ್ಣದೆಂದು ತಳ್ಳಿಹಾಕುವುದಿಲ್ಲ. ಹಳ್ಳಿಯಲ್ಲಿ ಒಂದು ಮನೆಯವರು ಹೀಗೆಂದರೆ ನಾಲ್ಕು ಮನೆಯವರು ತಪಾಸಣೆಗೆ ಬರುವುದನ್ನೇ ಬಿಡುತ್ತಾರೆ. ಆದರೆ ಅವರು ಕಂಡದ್ದೇನು? ಮೊಬೈಲಿನ ಮೇಲೆ ಬಾಗಿದ, ಮಾತಾಡದ ಹುಡುಗಿಯನ್ನು. ಮೊಬೈಲಿನಲ್ಲಿ ನೀವು ಮಾರ್ಗಸೂಚಿ ನೋಡುತ್ತಿದ್ದಿರೋ ರೀಲ್ಸ್ ನೋಡುತ್ತಿದ್ದಿರೋ ಅವರಿಗೆ ಹೇಗೆ ಗೊತ್ತಾಗಬೇಕು? ಅಚ್ಚು ಹಾಕಿಸಿ, ಪ್ಲಾಸ್ಟಿಕ್ ಹಾಳೆಯೊಳಗಿಟ್ಟ ಫೈಲು ಮೇಜಿನ ಮೇಲೆ ತೆರೆದಿದ್ದರೆ ನೋಟವೇ ಬೇರೆ. ತೆರೆಯುವಾಗ ಬಾಯಿ ಬಿಟ್ಟು ಹೇಳಿ: ‘ಅವ್ವಾ, ನಿನ್ನ ಬಿಪಿ ಸ್ವಲ್ಪ ಏರ್ಯದ. ಇದಕ್ಕ ಏನ್ ಮಾಡಬೇಕಂತ ಸರಕಾರದ ಪುಸ್ತಕದಾಗ ಅದ, ಇಬ್ರೂ ನೋಡೋಣು ಬಾ.’ ಚಿತ್ರವಿರುವ ಪುಟವನ್ನು ಅತ್ತೆಯ ಕಡೆಗೇ ತಿರುಗಿಸಿ. ಮನೆಯಲ್ಲಿ ಆ ಬಸುರಿಗೆ ಹಾಲು, ಸೊಪ್ಪು, ಮೊಟ್ಟೆ ಕೊಡಬೇಕಾದವರು, ಮಧ್ಯಾಹ್ನ ಮಲಗಲು ಬಿಡಬೇಕಾದವರು, ರಾತ್ರಿ ತಲೆನೋವೆಂದರೆ ಗಾಡಿ ಮಾಡಿಸಬೇಕಾದವರು ಅವರೇ. ಅವರನ್ನು ನಿಮ್ಮ ಕಡೆ ಮಾಡಿಕೊಂಡರೆ ಅರ್ಧ ಆರೈಕೆ ಆದಂತೆ.

ಕನ್ನಡದ ಪುಸ್ತಕ ಕೇಳಿದ್ದೀರಿ. ನಿಮ್ಮ ಕೆಲಸದ ಮಾರ್ಗಸೂಚಿಗಳು ಬಹುತೇಕ ಇಂಗ್ಲಿಷಿನಲ್ಲೇ ಇವೆ. ಇದು ನನಗೂ ನೋವಿನ ಸಂಗತಿ. ಇಲಾಖೆ ಇದನ್ನು ಸರಿಪಡಿಸಬೇಕು. ಅಲ್ಲಿಯವರೆಗೆ ಪ್ರತಿ ಪುಟದ ಅಂಚಿನಲ್ಲಿ ನೀವೇ ಕನ್ನಡದಲ್ಲಿ, ಅದೂ ನಿಮ್ಮೂರಿನ ಕನ್ನಡದಲ್ಲಿ, ಕೇಳಬೇಕಾದ ಪ್ರಶ್ನೆ ಬರೆದುಕೊಳ್ಳಿ. ‘ವಿಷುಅಲ್ ಡಿಸ್ಟರ್ಬೆನ್ಸ್’ ಎಂದು ಅಚ್ಚಾಗಿರುವಲ್ಲಿ ‘ಕಣ್ಣಿಗೆ ಮಂಜು ಮಂಜು ಕಾಣ್ತದೇನು?’ ಎಂದಿರಲಿ. ಕೂಸಿನ ಚಲನೆಗೆ ‘ಹೊಟ್ಟ್ಯಾಗ ಕೂಸು ನಿನ್ನೆಕಿಂತ ಕಡಿಮಿ ಆಡ್ಲಿಕತ್ತದೇನವ್ವ?’ ಕಬ್ಬಿಣದ ಗುಳಿಗೆ ನುಂಗಿದರೆ ಮಲ ಕಪ್ಪಾಗುತ್ತದೆ, ಅದರಿಂದ ಕೂಸು ಕಪ್ಪಾಗುವುದಿಲ್ಲ ಎಂಬ ಮಾತನ್ನು ಅವರು ಕೇಳುವ ಮೊದಲೇ ಹೇಳಬೇಕು. ಹೊಟ್ಟೆ ತೊಳಸಿದರೆ ಊಟವಾದ ಮೇಲೆ, ರಾತ್ರಿ ಮಲಗುವ ಮುಂಚೆ ನುಂಗಲು ಹೇಳಿ. ಚಹಾದ ಜೊತೆ ಬೇಡ. ತಾಯಂದಿರಿಗೆ ತಿಳಿಯುವಂತೆ ವೈದ್ಯಕೀಯವನ್ನು ಕನ್ನಡದಲ್ಲಿ ಹೇಗೆ ಹೇಳಬೇಕೆಂದು ಕಲಿಯಲು ಡಾ. ಅನುಪಮಾ ನಿರಂಜನ ಅವರ ‘ತಾಯಿ-ಮಗು’ ಓದಿ. ವೈದ್ಯೆಯೂ ಲೇಖಕಿಯೂ ಆಗಿದ್ದ ಅವರು 1991ರಲ್ಲಿ ತೀರಿಕೊಂಡರು, ಆದ್ದರಿಂದ ಅದರಲ್ಲಿ ಡೋಸು ಹುಡುಕಬೇಡಿ. ಮಾತಿನ ರೀತಿ ಕಲಿಯಿರಿ. ನಾಚಿಕೆಪಡದೆ, ಹೆದರಿಸದೆ, ಓದುವವಳನ್ನು ಕೀಳುಮಾಡದೆ ಅವರು ಬರೆದಂತೆ ಮಾತಾಡಲು ಬಂದರೆ ನಿಮ್ಮ ಮುಂದೆ ಕುಳಿತವಳು ಮುಚ್ಚಿಟ್ಟದ್ದನ್ನೂ ಹೇಳುತ್ತಾಳೆ.

ಇನ್ನು ತಾಯಿ ಕಾರ್ಡ್. ನಿಮ್ಮ ಮೇಜಿನ ಮೇಲೆ ಪ್ರತಿದಿನ ಹತ್ತಾರು ಬಂದು ಹೋಗುವ, ಕನ್ನಡದಲ್ಲೇ ಇರುವ ಕೈಪಿಡಿ ಅದು. ಅಪಾಯದ ಲಕ್ಷಣಗಳು, ತೂಕ, ಬಿಪಿ, ಎಚ್‌ಬಿ, ಮೂತ್ರ, ಚುಚ್ಚುಮದ್ದು, ಎಲ್ಲದಕ್ಕೂ ಮನೆಗಳಿವೆ. ಒಂದು ಮನೆಯನ್ನೂ ಖಾಲಿ ಬಿಡದೆ ತುಂಬುತ್ತ ಹೋದರೆ ಏನು ಮರೆತಿರಿ ಎಂದು ತಾನಾಗಿ ಗೊತ್ತಾಗುತ್ತದೆ. 2016ರಿಂದ ನಡೆಯುತ್ತಿರುವ ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಆ 9ನೇ ತಾರೀಖಿನಂದು ಡಾಕ್ಟರು ನೋಡಿದ ಮೇಲೆ, ಅಪಾಯವಿಲ್ಲದವರಿಗೆ ಹಸಿರು, ಹೆಚ್ಚಿನ ಅಪಾಯದವರಿಗೆ ಕೆಂಪು ಸ್ಟಿಕ್ಕರ್ ಕಾರ್ಡಿಗೆ ಅಂಟಬೇಕು. ಚೊಚ್ಚಲ ಹೆರಿಗೆಗೆ ಹುಡುಗಿ ಏಳನೇ ತಿಂಗಳಿಗೆ ತವರಿಗೆ ಹೋಗುತ್ತಾಳೆ. ಮುಂದೆ ಮಾನ್ವಿಯಲ್ಲೋ ಸುರಪುರದಲ್ಲೋ ಅವಳನ್ನು ನೋಡುವ ಸಿಸ್ಟರಿಗೆ ನಿಮ್ಮ ಫೈಲು ಕಾಣುವುದಿಲ್ಲ, ಕಾಣುವುದು ಆ ಕಾರ್ಡು ಮಾತ್ರ. ಅಂಕಿಯ ಪಕ್ಕದಲ್ಲಿ ತಾರೀಖು ಬರೆಯಿರಿ, ಕೈಬರಹ ಬಿಡಿಸಿ ಬರೆಯಿರಿ.

ಹಿರಿಯ ಸಿಸ್ಟರ್ ಜೊತೆ ಹೇಗೆ ಮಾತಾಡಬೇಕೆಂದು ನೀವು ಕೇಳಿಲ್ಲ, ಆದರೆ ಪತ್ರದ ಸಾಲುಗಳಲ್ಲಿ ಆ ಅಳುಕು ಇದೆ. ಎಲ್ಲರ ಮುಂದೆ ಪಿಡಿಎಫ್ ತೋರಿಸಿ ‘ನೀವು ಹೇಳಿದ್ದು ತಪ್ಪು’ ಎನ್ನಬೇಡಿ. ‘ಅಕ್ಕಾ, ನಿಮ್ಮ 2010ರ ಪುಸ್ತಕ ನನಗೂ ಬೇಕು, ಹೊಸ ಹಾಳೆಗಳನ್ನು ಅದರೊಳಗೇ ಅಂಟಿಸೋಣ, ಎಲ್ಲೆಲ್ಲಿ ಬದಲಾಗಿದೆ ನೀವೇ ನೋಡಿ ಹೇಳಿ’ ಎಂದು ಪಕ್ಕದಲ್ಲಿ ಕುಳಿತು ಕೇಳಿ. ಕೂಸು ಅಡ್ಡವಾಗಿದೆಯೋ, ತಲೆ ಕೆಳಗಿದೆಯೋ ಎಂದು ಕೈಯಿಟ್ಟೊಡನೆ ಹೇಳುವ ಬೆರಳು ಅವರದು. ಗುಳಿಗೆಯ ಲೆಕ್ಕ ನೀವು ಕೊಡಿ, ಆ ಕೈಯ ವಿದ್ಯೆ ಅವರಿಂದ ತೆಗೆದುಕೊಳ್ಳಿ. ನಿಮಗೆ ಸಿಗುವುದೇ ಹೆಚ್ಚು.

ಕೊನೆಯದು, ತಡಮಾಡದೆ ಮಾಡಬೇಕಾದದ್ದು. ಬಿಪಿ ಏರಿ ಫಿಟ್ಸ್ ಬಂದ ಗರ್ಭಿಣಿ ಬಾಗಿಲಿಗೆ ಬಂದಾಗ ಫೈಲು ತಿರುವಲು ಸಮಯವಿರುವುದಿಲ್ಲ. 2010ರ ಕೈಪಿಡಿ ಮ್ಯಾಗ್ನೀಷಿಯಂ ಸಲ್ಫೇಟಿನ ಮೊದಲ ಡೋಸನ್ನು ನಿಮ್ಮಂಥವರೇ ಕೊಟ್ಟು ಕಳಿಸಬಹುದೆಂದು ಹೇಳುತ್ತದೆ: ಒಟ್ಟು 10 ಗ್ರಾಂ, ಎರಡೂ ಪೃಷ್ಠಗಳಿಗೆ 5 ಗ್ರಾಂನಂತೆ, ಸ್ನಾಯುವಿನ ಆಳಕ್ಕೆ. ಶೇ 50ರ 2 ಮಿಲಿಲೀಟರ್ ಆಂಪೂಲಿನಲ್ಲಿ 1 ಗ್ರಾಂ ಇರುವುದರಿಂದ ಹತ್ತು ಆಂಪೂಲು ಬೇಕು. ಆ ಪುಟವನ್ನು ಡಾಕ್ಟರ ಜೊತೆ ಕುಳಿತು ಓದಿ, ಅವರು ಸಹಿ ಮಾಡುವ ಹಾಳೆಯಲ್ಲಿ ಇದೂ ಇರಲಿ, ಗೋಡೆಗೆ ಅಂಟಿಸಿ. ಈ ವಾರವೇ ಔಷಧಿ ಬೀರು ತೆಗೆಸಿ ಹತ್ತು ಆಂಪೂಲು ಇವೆಯೇ, ಅವಧಿ ಮುಗಿದಿಲ್ಲವೇ ನೋಡಿ. 108ಕ್ಕೆ ಯಾರು ಫೋನ್ ಮಾಡಬೇಕು, ರಾತ್ರಿ ಹೊತ್ತು ಬೀರುವಿನ ಕೀಲಿಕೈ ಯಾರ ಹತ್ತಿರ ಇರುತ್ತದೆ ಎಂಬುದನ್ನೂ ಕೇಳಿ ಗೊತ್ತುಮಾಡಿಕೊಳ್ಳಿ.